ಹೆಸರಿಲ್ಲದವರ ವಂಶಾವಳಿ

ಶ್ರಾದ್ಧಕರ್ಮದಲ್ಲಿ ಕರ್ತೃವು ತಂದೆ, ತಾತ, ಮುತ್ತಾತ ಎಂಬ ಮೂರು ತಲೆಗಳ ಹೆಸರನ್ನು ಗೋತ್ರಸಹಿತವಾಗಿ ಉಚ್ಚರಿಸಬೇಕೆಂಬುದು ವಿಧಿ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೆಳವರು ಮನೆಬಾಗಿಲಿಗೆ ಬಂದು, ಆ ಮನೆತನದ ಮೂಲಪುರುಷನಿಂದ ಮೊದಲುಮಾಡಿ ತಲೆತಲಾಂತರದ ಹೆಸರುಗಳನ್ನು ಒಪ್ಪಿಸಿ, ಕಾಳುಕಡಿಗಳನ್ನು ಪಡೆದು ಹೋಗುವುದುಂಟು. ಹೆಸರು ಉಳಿದಿದೆಯೆಂಬ ನೆಮ್ಮದಿಯುಳ್ಳವರಿಗೆ ಅದರ ಬೆಲೆ ಅಷ್ಟಾಗಿ ತಿಳಿಯದು. ಮುತ್ತಾತನ ಹೆಸರೇನೆಂದು ಕೇಳಿದರೆ, ಅದನ್ನು ಯಾರೂ ಬರೆದಿಡಲಿಲ್ಲವೆಂದು ಉತ್ತರ ಕೊಡಬೇಕಾದ ದೊಡ್ಡ ಜನಸಮುದಾಯವೊಂದು ಈ ಲೋಕದಲ್ಲಿರುವುದು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಗುಲಾಮರಾಗಿ ದುಡಿದ ಆಫ್ರಿಕನರ ಸಂತತಿಯೇ ಅದು. ವಂಶಶೋಧನೆಗೆಂದು ಈಚೆಗೆ ಹುಟ್ಟಿರುವ ಅಂತರ್ಜಾಲದ ದಫ್ತರಗಳೂ ಡಿ.ಎನ್.ಎ. ಪರೀಕ್ಷೆಯೂ ಎಷ್ಟರಮಟ್ಟಿಗೆ ಪ್ರಮಾಣವಾಗಬಲ್ಲವೆಂಬುದನ್ನು ಅರಿಯಲು ಈ ಜನರ ಇತಿಹಾಸವು ಒಳ್ಳೆಯ ಒರೆಗಲ್ಲಾಗಿದೆ.

ಅಮೆರಿಕಾದಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿಯನ್ನು ಮಾಡುವ ಪದ್ಧತಿಯು ೧೭೯೦ರಿಂದಲೂ ನಡೆದು ಬಂದಿದೆ. ೧೮೫೦ರಿಂದ ಮುಂದಕ್ಕೆ ಮನೆಯಲ್ಲಿರುವ ಸ್ವತಂತ್ರ ಜನರೆಲ್ಲರ ಹೆಸರುಗಳನ್ನೂ ಬರೆಯತೊಡಗಿದರು. ಆದರೆ ೧೮೫೦ ಮತ್ತು ೧೮೬೦ರ ಗಣತಿಗಳಲ್ಲಿ ಗುಲಾಮರಿಗೆ ಬೇರೆಯೇ ಒಂದು ಪಟ್ಟಿ. ಅದರಲ್ಲಿ ಒಡೆಯನ ಹೆಸರುಂಟು. ಅದರ ಕೆಳಗೆ ಸಾಲಿಗೊಬ್ಬರಂತೆ ಗುಲಾಮರ ವಯಸ್ಸು, ಲಿಂಗ, ಮೈಬಣ್ಣಗಳುಂಟು. ಅವರ ಹೆಸರು ಮಾತ್ರ ಬಹುಮಟ್ಟಿಗೆ ಇಲ್ಲ. ೧೮೬೫ರಲ್ಲಿ ರಾಜ್ಯಾಂಗದ ಹದಿಮೂರನೆಯ ತಿದ್ದುಪಡಿಯಿಂದ ದಾಸ್ಯವು ರದ್ದಾಯಿತು. ಬಿಡುಗಡೆ ಹೊಂದಿದವರು ತಮ್ಮ ತಮ್ಮ ಹೆಸರುಗಳಿಂದ ಗಣತಿಯಲ್ಲಿ ಕಾಣಿಸಿಕೊಂಡದ್ದು ೧೮೭೦ರಲ್ಲಿಯೇ. ಆ ವರ್ಷ ಐವತ್ತು ವಯಸ್ಸಿನವನೆಂದು ದಾಖಲಾದ ಒಬ್ಬ ಬೇಸಾಯಗಾರನಿದ್ದನೆಂದು ಇಟ್ಟುಕೊಂಡರೆ, ಹತ್ತು ವರ್ಷದ ಹಿಂದಣ ಗಣತಿಯ ಕಾಗದದಲ್ಲಿ ಅವನು ಇನ್ನೊಬ್ಬನ ಸೊತ್ತಿನ ಒಂದು ಸಾಲು ಮಾತ್ರ. ವಂಶಶೋಧಕರು ಇದನ್ನು ೧೮೭೦ರ ಗೋಡೆ ಎಂದೇ ಕರೆಯುವರು.

ಗೋಡೆಯ ಆಚೆಗೆ ದಾಟಬೇಕಾದರೆ ಒಡೆಯನ ಕಾಗದಪತ್ರಗಳನ್ನೇ ಹಿಡಿಯಬೇಕು. ಮರಣಶಾಸನ, ಕ್ರಯಪತ್ರ, ಆಸ್ತಿಯ ಯಾದಿ ಇವುಗಳಲ್ಲಿ ಕುದುರೆ, ಹಸು, ಮಂಚಗಳ ಜೊತೆಗೆ ಮನುಷ್ಯರ ಹೆಸರನ್ನೂ ಬೆಲೆಯನ್ನೂ ಬರೆದಿರುವುದುಂಟು. ಬಿಡುಗಡೆಯಾದವರ ಯೋಗಕ್ಷೇಮಕ್ಕಾಗಿ ೧೮೬೫ರಲ್ಲಿ ಸ್ಥಾಪಿತವಾಗಿ ೧೮೭೨ರವರೆಗೆ ನಡೆದ ಫ್ರೀಡ್‌ಮೆನ್ಸ್ ಬ್ಯೂರೋ ಎಂಬ ಇಲಾಖೆಯ ಕಡತಗಳೂ ಬಹಳ ಉಪಯುಕ್ತವಾದವು. ಕೂಲಿಯ ಕರಾರು, ವಿವಾಹದ ನೋಂದಣಿ, ಪಡಿಯ ಹಂಚಿಕೆ, ಮಾರಾಟದಿಂದ ಅಗಲಿದ ಮಕ್ಕಳನ್ನು ಹುಡುಕಿಕೊಡಬೇಕೆಂಬ ಬಿನ್ನಹ, ಇವೆಲ್ಲವೂ ಅವುಗಳಲ್ಲಿವೆ. ಈ ಕಡತಗಳು ಸಾಮಾನ್ಯರ ಕೈಗೆ ಸುಲಭವಾಗಿ ಎಟುಕುವಂತಾದದ್ದು ಅಂತರ್ಜಾಲದಿಂದ. ಯೂಟಾ ಸಂಸ್ಥಾನದಲ್ಲಿ ನೆಲೆಸಿರುವ ಲೇಟರ್-ಡೇ ಸೇಂಟ್ಸ್ ಎಂಬ ಕ್ರೈಸ್ತಪಂಥದವರು, ಗತಿಸಿದ ಪೂರ್ವಜರಿಗಾಗಿಯೂ ಸಂಸ್ಕಾರಗಳನ್ನು ನಡೆಸಬೇಕೆಂಬ ನಂಬಿಕೆಯುಳ್ಳವರಾದ ಕಾರಣ, ೧೮೯೪ರಲ್ಲಿ ವಂಶಾವಳಿಯ ಸಂಘವೊಂದನ್ನು ಸ್ಥಾಪಿಸಿದರು. ೧೯೩೮ರಿಂದ ಹಳೆಯ ದಾಖಲೆಗಳನ್ನು ಮೈಕ್ರೋಫಿಲ್ಮಿನಲ್ಲಿ ಇಳಿಸಿಕೊಳ್ಳತೊಡಗಿ, ೧೯೯೯ರಲ್ಲಿ ಫ್ಯಾಮಿಲಿಸರ್ಚ್ ಎಂಬ ಹೆಸರಿನಿಂದ ತಮ್ಮ ಭಂಡಾರವನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದರು. ೨೦೧೫ ಮತ್ತು ೨೦೧೬ರಲ್ಲಿ ಸಾವಿರಾರು ಸ್ವಯಂಸೇವಕರು ಬ್ಯೂರೋದ ಕಡತಗಳನ್ನು ಓದಿ ಸುಮಾರು ೧೮ ಲಕ್ಷ ಹೆಸರುಗಳನ್ನು ಅಕಾರಾದಿಯಾಗಿ ಹುಡುಕಲು ಬರುವಂತೆ ಅಣಿಗೊಳಿಸಿದರು.

ಲಿಖಿತವು ಮೌನವಾದೆಡೆಯಲ್ಲಿ ದೇಹವೇ ಸಾಕ್ಷಿ ನುಡಿಯಬಲ್ಲುದೆ ಎಂಬುದು ಮುಂದಿನ ಪ್ರಶ್ನೆ. ವಂಶಶೋಧನೆಗಾಗಿ ಡಿ.ಎನ್.ಎ. ಪರೀಕ್ಷೆಯನ್ನು ಮಾರುವ ವ್ಯಾಪಾರವು ೨೦೦೦ದ ಸುಮಾರಿನಲ್ಲಿ ಆರಂಭವಾಯಿತು. ನಳಿಕೆಯೊಂದರಲ್ಲಿ ಉಗುಳನ್ನೋ ಕೆನ್ನೆಯ ಒಳಭಾಗದ ಲೇಪವನ್ನೋ ಕಳುಹಿಸಿದರೆ ಸಾಕು. ಪರೀಕ್ಷೆಯ ಬಗೆಗಳು ಮೂರು. ತಂದೆಯಿಂದ ಮಗನಿಗೆ ಮಾತ್ರ ಇಳಿಯುವ ವೈ ವರ್ಣತಂತುವಿನಿಂದ ಪಿತೃವಂಶವು ತಿಳಿಯುವುದು. ತಾಯಿಯಿಂದ ಮಕ್ಕಳಿಗೆಲ್ಲ ಬರುವ ಮೈಟೋಕಾಂಡ್ರಿಯಾದ ಡಿ.ಎನ್.ಎ.ಯಿಂದ ಮಾತೃವಂಶವು ತಿಳಿಯುವುದು. ಉಳಿದ ವರ್ಣತಂತುಗಳು ತಾಯಿತಂದೆಗಳಿಂದ ಅರ್ಧರ್ಧವಾಗಿ ಬರುವುದರಿಂದ, ತಾತನ ಪಾಲು ಸುಮಾರು ಕಾಲುಭಾಗ, ಮುತ್ತಾತನದು ಸುಮಾರು ಅರೆಕಾಲು ಎಂದು ಹೀಗೆ ಕ್ಷೀಣಿಸುತ್ತ ಹೋಗಿ, ಬಹಳ ಹಿಂದಿನ ಕೆಲವು ಪೂರ್ವಜರ ಅಂಶವೇ ಉಳಿಯದೆ ಹೋಗುವುದೂ ಉಂಟು. ಇಬ್ಬರ ಡಿ.ಎನ್.ಎ.ಯಲ್ಲಿ ಸಮಾನವಾದ ತುಂಡುಗಳಿದ್ದರೆ ಅವರಿಗೆ ಸಮಾನ ಪೂರ್ವಜರಿರುವರೆಂದು ಊಹಿಸಬಹುದು. ಆ ಪೂರ್ವಜರ ಹೆಸರನ್ನು ಮಾತ್ರ ಡಿ.ಎನ್.ಎ. ಹೇಳಲಾರದು.

ಇದರ ಬಲವೂ ಮಿತಿಯೂ ಒಟ್ಟಿಗೆ ಕಾಣಬರುವ ಪ್ರಸಿದ್ಧ ಪ್ರಕರಣವೊಂದುಂಟು. ಮನುಷ್ಯರೆಲ್ಲರೂ ಸಮಾನರೆಂದು ಸಾರಿದ ೧೭೭೬ರ ಸ್ವಾತಂತ್ರ್ಯಘೋಷಣೆಯನ್ನು ಬರೆದ ಥಾಮಸ್ ಜೆಫರ್‌ಸನ್ನನು ವರ್ಜೀನಿಯಾದ ಮಾಂಟಿಸೆಲ್ಲೋ ಎಂಬ ತನ್ನ ಎಸ್ಟೇಟಿನಲ್ಲಿ ನೂರಾರು ಗುಲಾಮರ ಒಡೆಯನಾಗಿದ್ದನು. ಅವರಲ್ಲೊಬ್ಬಳಾದ ಸ್ಯಾಲಿ ಹೆಮಿಂಗ್ಸಳ ಮಕ್ಕಳಿಗೆ ಅವನೇ ತಂದೆಯೆಂಬ ಮಾತು, ಅವನು ಅಧ್ಯಕ್ಷನಾಗಿದ್ದ ೧೮೦೨ರಲ್ಲಿಯೇ ಪತ್ರಿಕೆಗೆ ಬಂದಿತು. ಅವನ ಲೆಕ್ಕದ ಪುಸ್ತಕದಲ್ಲಿ ಆ ಮಕ್ಕಳ ಹುಟ್ಟು ದಾಖಲಾಗಿದೆ, ತಂದೆಯ ಹೆಸರಿಲ್ಲ. ಸ್ಯಾಲಿಯ ಮಗ ಮ್ಯಾಡಿಸನ್ ಹೆಮಿಂಗ್ಸನು ೧೮೭೩ರಲ್ಲಿ ಒಹಾಯೋ ಸಂಸ್ಥಾನದ ಪತ್ರಿಕೆಯೊಂದಕ್ಕೆ ತನ್ನ ಕಥೆಯನ್ನು ಹೇಳಿ, ಜೆಫರ್‌ಸನ್ನನೇ ತನ್ನ ತಂದೆಯೆಂದು ಸ್ಪಷ್ಟಪಡಿಸಿದನು. ಜೆಫರ್‌ಸನ್ನನ ಮೊಮ್ಮಕ್ಕಳಾದರೋ, ಅದು ಅವನ ಸೋದರಳಿಯಂದಿರಾದ ಕಾರ್ ಸೋದರರ ಕೃತ್ಯವೆಂದು ಹೇಳಿದರು. ಎರಡೂ ಬಾಯಿಮಾತುಗಳೇ. ಆದರೂ ಇತಿಹಾಸಕಾರರಲ್ಲಿ ಹೆಚ್ಚಿನವರು ನೂರು ವರ್ಷಗಳಿಗೂ ಮೇಲ್ಪಟ್ಟು ಒಡೆಯನ ಮನೆಯವರ ಮಾತನ್ನು ನಂಬಿದರು, ದಾಸಿಯ ಮಗನ ಮಾತನ್ನು ತಳ್ಳಿಹಾಕಿದರು. ಈ ಪಕ್ಷಪಾತವನ್ನು ೧೯೯೭ರಲ್ಲಿ ಅನೆಟ್ ಗಾರ್ಡನ್-ರೀಡ್ ಎಂಬ ವಿದುಷಿಯು ಒಂದು ಗ್ರಂಥದಲ್ಲಿ ಎಳೆಎಳೆಯಾಗಿ ಬಿಡಿಸಿ ತೋರಿಸಿದಳು.

ಮರುವರ್ಷ, ಎಂದರೆ ೧೯೯೮ರ ನವೆಂಬರಿನಲ್ಲಿ, ‘ನೇಚರ್’ ಪತ್ರಿಕೆಯಲ್ಲಿ ವೈ ವರ್ಣತಂತುವಿನ ಪರೀಕ್ಷೆಯ ಫಲವು ಪ್ರಕಟವಾಯಿತು. ಜೆಫರ್‌ಸನ್ನನಿಗೆ ವಂಶ ಮುಂದುವರಿಸಿದ ಔರಸಪುತ್ರನಿಲ್ಲದ ಕಾರಣ ಅವನ ದೊಡ್ಡಪ್ಪನ ಪುರುಷಸಂತತಿಯನ್ನು ಪರೀಕ್ಷಿಸಿದರು. ಸ್ಯಾಲಿಯ ಕಿರಿಯ ಮಗ ಎಸ್ಟನ್ನನ ವಂಶಸ್ಥನೊಬ್ಬನ ತಂತುವು ಅದಕ್ಕೆ ಸರಿಹೊಂದಿತು. ಕಾರ್ ಮನೆತನದ್ದಕ್ಕೆ ಹೊಂದಲಿಲ್ಲ. ತಾವೂ ಜೆಫರ್‌ಸನ್ನನ ಸಂತತಿಯೆಂದು ಪರಂಪರೆಯಾಗಿ ಹೇಳಿಕೊಂಡು ಬಂದಿದ್ದ ವುಡ್‌ಸನ್ ಮನೆತನದವರದೂ ಹೊಂದಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮನೆಮಾತೆಲ್ಲವೂ ನಿಜವಲ್ಲ. ಇಷ್ಟೇ ಅಲ್ಲ, ಈ ಪರೀಕ್ಷೆಯು ತೋರಿಸಿದ್ದು ಎಸ್ಟನ್ನನ ತಂದೆಯು ಜೆಫರ್‌ಸನ್ ಕುಲದ ಗಂಡಸೆಂಬುದನ್ನು ಮಾತ್ರ. ಅಣ್ಣನೋ ತಮ್ಮನೋ ಎಂದು ಅದು ಬೇರ್ಪಡಿಸಲಾರದು. ಸ್ಯಾಲಿಯು ಗರ್ಭ ಧರಿಸಿದ ಕಾಲಗಳಲ್ಲೆಲ್ಲ ಜೆಫರ್‌ಸನ್ನನು ಮಾಂಟಿಸೆಲ್ಲೋದಲ್ಲಿಯೇ ಇದ್ದನೆಂಬ ಲಿಖಿತವನ್ನೂ ಮ್ಯಾಡಿಸನ್ನನ ಸಾಕ್ಷ್ಯವನ್ನೂ ಕೂಡಿಸಿದ ಮೇಲೆಯೇ, ಮಾಂಟಿಸೆಲ್ಲೋದ ಒಡೆತನವುಳ್ಳ ಪ್ರತಿಷ್ಠಾನವು ೨೦೦೦ದಲ್ಲಿ, ಆರು ಮಕ್ಕಳಿಗೂ ಅವನೇ ತಂದೆಯೆಂಬುದು ಸಂಭವನೀಯವೆಂದು ಒಪ್ಪಿಕೊಂಡಿತು. ಒಪ್ಪದ ಕೆಲವರು ಇಂದಿಗೂ ಉಂಟು.

ಹೆಸರೂ ಇಲ್ಲದ, ಹೇಳುವವರೂ ಇಲ್ಲದ ಜನರ ವಿಷಯದಲ್ಲಿ ಇನ್ನೊಂದು ಶೋಧನೆಯು ನಡೆದಿದೆ. ಮೇರಿಲ್ಯಾಂಡ್ ಸಂಸ್ಥಾನದ ಕಟಾಕ್ಟಿನ್ ಎಂಬ ಊರಿನ ಕಬ್ಬಿಣದ ಕುಲುಮೆಯಲ್ಲಿ ಹದಿನೆಂಟನೆಯ ಶತಮಾನದ ಕೊನೆಯ ಭಾಗದಿಂದ ಆಫ್ರಿಕನ್ ಗುಲಾಮರು ದುಡಿಯುತ್ತಿದ್ದರು. ಹೆದ್ದಾರಿಯ ಕೆಲಸದ ನಿಮಿತ್ತ ಅವರ ಸ್ಮಶಾನವನ್ನು ಅಗೆದಾಗ ದೊರೆತ ಅಸ್ಥಿಗಳು ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿದ್ದುವು. ಅವುಗಳಲ್ಲಿ ೨೭ ಮಂದಿಯ ಡಿ.ಎನ್.ಎ.ಯನ್ನು, ಟ್ವೆಂಟಿತ್ರೀ ಆ್ಯಂಡ್ ಮಿ ಎಂಬ ಕಂಪನಿಯಲ್ಲಿ ಪರೀಕ್ಷೆ ಮಾಡಿಸಿಕೊಂಡು ಸಂಶೋಧನೆಗೆ ಒಪ್ಪಿಗೆಯಿತ್ತಿದ್ದ ೯೦ ಲಕ್ಷಕ್ಕೂ ಮೇಲ್ಪಟ್ಟ ಜನರ ಡಿ.ಎನ್.ಎ.ಯೊಡನೆ ಹೋಲಿಸಲಾಯಿತು. ಹತ್ತಿರದವರೂ ದೂರದವರೂ ಸೇರಿ ೪೧,೭೯೯ ಮಂದಿ ಬಂಧುಗಳಿರುವರೆಂದು ೨೦೨೩ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೂಳಲ್ಪಟ್ಟವರು ಯಾರೆಂಬುದು ಆಗಲೂ ತಿಳಿಯಲಿಲ್ಲ. ಆದರೆ ತಾಯಿಮಕ್ಕಳನ್ನು ಹತ್ತಿರ ಹತ್ತಿರದಲ್ಲಿಯೇ ಹೂಳಿದ್ದರೆಂಬುದು ತಿಳಿಯಿತು. ತಮ್ಮವರೆಂಬ ಮಮತೆಯನ್ನು ಮಾರಾಟದ ಭಯವು ಅಳಿಸಲಾರದೆ ಹೋಯಿತೆಂಬುದಕ್ಕೆ ಆ ಗುಂಡಿಗಳ ಸಾಲೇ ಸಾಕ್ಷಿ.

ಹೀಗೆ ಉಪಕಾರಿಯಾದ ಈ ವಿದ್ಯೆಯು ವರ್ತಕರ ಕೈಯಲ್ಲಿದೆಯೆಂಬುದನ್ನು ಮರೆಯಕೂಡದು. ಅದೇ ಕಂಪನಿಯಿಂದ ೨೦೨೩ರಲ್ಲಿ ಸುಮಾರು ೬೯ ಲಕ್ಷ ಗಿರಾಕಿಗಳ ವಿವರಗಳು ಕಳ್ಳರ ಪಾಲಾದುವು. ೨೦೨೫ರ ಮಾರ್ಚಿಯಲ್ಲಿ ಅದು ದಿವಾಳಿಯ ಅರ್ಜಿಯನ್ನು ಹಾಕಿಕೊಂಡಾಗ, ಜನರ ವಂಶಬೀಜದ ವಿವರಗಳೂ ಹರಾಜಿನ ಸೊತ್ತಿನಲ್ಲಿ ಸೇರಿಹೋದುವು. ಆ ಜುಲೈಯಲ್ಲಿ ಅದು ಸಂಸ್ಥಾಪಕಿಯೇ ಕಟ್ಟಿದ ಲಾಭರಹಿತ ಸಂಸ್ಥೆಯ ವಶವಾಯಿತು. ಒಮ್ಮೆ ಮನುಷ್ಯರನ್ನೇ ಯಾದಿಯಲ್ಲಿ ಬರೆದು ಹರಾಜು ಹಾಕಿದ ದೇಶದಲ್ಲಿ, ಅವರ ಮೊಮ್ಮಕ್ಕಳಿಗೆ ಈ ಸುದ್ದಿಯು ಹೇಗೆ ಕೇಳಿಸಿರಬೇಕೆಂಬುದನ್ನು ವಾಚಕರೇ ಊಹಿಸಬಹುದು. ಒಬ್ಬನು ಕೊಟ್ಟ ಉಗುಳು ಅವನ ಒಡಹುಟ್ಟಿದವರ ಗುಟ್ಟನ್ನೂ ಅವರ ಅಪ್ಪಣೆಯಿಲ್ಲದೆ ಹೊರಗೆಡಹಬಲ್ಲುದೆಂಬುದೂ ಚಿಂತಿಸತಕ್ಕ ವಿಷಯವೇ.

ಧರ್ಮಶಾಸ್ತ್ರದ ವ್ಯವಹಾರಕಾಂಡದಲ್ಲಿ ಲಿಖಿತ, ಭುಕ್ತಿ, ಸಾಕ್ಷಿ ಎಂದು ಮೂರು ಪ್ರಮಾಣಗಳನ್ನು ಹೇಳಿದೆ. ಗುಲಾಮರಿಗೆ ಇವುಗಳಲ್ಲಿ ಒಂದಾದರೂ ದಕ್ಕಲಿಲ್ಲ. ಲಿಖಿತವು ಒಡೆಯನದು, ಭುಕ್ತಿಯೂ ಒಡೆಯನದು. ಅವರ ಸಾಕ್ಷಿಯನ್ನು ಬಿಳಿಯರ ವಿರುದ್ಧ ದಕ್ಷಿಣದ ನ್ಯಾಯಸ್ಥಾನಗಳು ಸ್ವೀಕರಿಸುತ್ತಲೇ ಇರಲಿಲ್ಲ. ಅಂಥವರಿಗೆ ದೇಹದೊಳಗಿನ ಬರಹವು ನಾಲ್ಕನೆಯ ಪ್ರಮಾಣವಾಗಿ ಒದಗಿರುವುದು ದೊಡ್ಡ ಮಾತೇ ಸರಿ. ಆದರೆ ಅದೇ ಪರಮಪ್ರಮಾಣವಲ್ಲ. ಮ್ಯಾಡಿಸನ್ನನ ಮಗನೊಬ್ಬನ ಸಮಾಧಿಯು ಕ್ಯಾನ್ಸಸ್ ಸಂಸ್ಥಾನದಲ್ಲಿದೆ. ಅದನ್ನು ಅಗೆದು ಅಸ್ಥಿಯನ್ನು ಪರೀಕ್ಷಿಸಬೇಕೆಂಬ ಸೂಚನೆಯು ಬಂದಾಗ ವಂಶಸ್ಥರು ಒಪ್ಪಿಗೆ ಕೊಡಲಿಲ್ಲ. ಮ್ಯಾಡಿಸನ್ನನು ೧೮೭೩ರಲ್ಲಿ ಹೇಳಿದ ಮಾತು ಆ ಮನೆಗಳಲ್ಲಿ ತಾಯಿಯಿಂದ ಮಗಳಿಗೆ, ಅಜ್ಜನಿಂದ ಮೊಮ್ಮಗನಿಗೆ ಇಳಿದು ಬಂದಿದೆ. ಅದನ್ನು ಉಳಿಸಿಕೊಳ್ಳಲು ಅವರಿಗೆ ಗೋರಿಯ ಎಲುಬು ಬೇಕಾಗಲಿಲ್ಲ.