ಮಲತಾಯಿ: ಪದದ ಬೇರು, ನಿಂದೆಯ ನೆಲೆ

ಅನುದಾನ ಹಂಚಿಕೆಯಲ್ಲಿ ತಾರತಮ್ಯವಾಯಿತೆಂದರೆ ‘ಮಲತಾಯಿ ಧೋರಣೆ’ ಎಂಬ ಮಾತು ಮಂಗಳೂರಿನಲ್ಲೂ ಕೇಳಿಬರುತ್ತದೆ. ಈ ನಿಂದೆ ಪದದ ಬೇರಿನಲ್ಲೇ ಇದೆ, ‘ಮಲ’ವೆಂದರೆ ಕೊಳೆಯಲ್ಲವೆ ಎಂದು ವಾದಿಸಬಹುದು. ಆದರೆ ಆ ನಿಷ್ಪತ್ತಿ ನಿಲ್ಲುವುದಿಲ್ಲ. ‘ಮಲ’ ತಾಯಿಗಷ್ಟೇ ಅಂಟಿದ್ದಲ್ಲ. ಮಲತಂದೆ, ಮಲಮಗ, ಮಲಮಗಳು ಎಂಬಲ್ಲೂ ಅದಿದೆ, ಮತ್ತು ತಬ್ಬಲಿ ಕೂಸನ್ನು ಕೊಳೆಯೆಂದು ಕರೆಯಲು ಕಾರಣ ಕಾಣುವುದಿಲ್ಲ. ತೆಲುಗಿನ ‘ಮಾರುತಲ್ಲಿ’, ತಮಿಳಿನ ‘ಮಾಟ್ರಾಂದಾಯ್’ ಎರಡರಲ್ಲೂ ಇರುವುದು ಬದಲಿ, ಬೇರೆ ಎಂಬ ಅರ್ಥ; ಮಲಯಾಳದ ‘ರಂಡಾನಮ್ಮ’ ನೇರವಾಗಿ ಎರಡನೆಯ ಅಮ್ಮ. ಅದೇ ಅರ್ಥದ ಕನ್ನಡದ ‘ಮಱು’ ಮರುದಿನ, ಮರುಮದುವೆಗಳಲ್ಲಿ ರೇಫವಾಗಿ ಉಳಿದಿರುವಾಗ ಇಲ್ಲಿ ಲಕಾರ ಹೇಗೆ ಬಂತು ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದ್ದರಿಂದ ‘ಮಲ’ವು ‘ಮಱು’ವಿನದೇ ರೂಪವೆಂದು ಹಟ ಹಿಡಿಯಬೇಕಾಗಿಲ್ಲ, ಅರ್ಥದ ಜಾಡು ಯಾವ ಕಡೆಗಿದೆ ಎಂಬುದಷ್ಟೇ ವಾದಕ್ಕೆ ಸಾಕು. ಇಂಗ್ಲಿಷಿನ ‘ಸ್ಟೆಪ್‌ಮದರ್’ ಕೂಡ ಇಂಥದೇ ಮೋಸ ಮಾಡುತ್ತದೆ: ಅಲ್ಲಿರುವುದು ಮೆಟ್ಟಿಲಲ್ಲ, ಕಳೆದುಕೊಂಡದ್ದು ಎಂಬರ್ಥದ ಹಳೆಯ ‘ಸ್ಟೆಯೋಪ್’. ಹಳೆಯ ಇಂಗ್ಲಿಷಿನಲ್ಲಿ ‘ಸ್ಟೆಯೋಪ್‌ಚಿಲ್ಡ್’ ಎಂದರೆ ತಬ್ಬಲಿ. ಮಗುವಿನ ನಷ್ಟವನ್ನು ಹೇಳುತ್ತಿದ್ದ ಪದ, ಆ ನಷ್ಟದ ಜಾಗಕ್ಕೆ ಬಂದವಳ ಹೆಸರಾಯಿತು.

ಬೇರಿನಲ್ಲಿ ಇಲ್ಲದ ಕಹಿ ಪದಕ್ಕೆ ಬಂದದ್ದು ಮನೆಯ ಕಟ್ಟಳೆಯಿಂದ. ತಂದೆಯ ಎರಡನೆಯ ಹೆಂಡತಿಯನ್ನು ಕನ್ನಡದ ಮಕ್ಕಳು ಕರೆಯುವುದು ‘ಚಿಕ್ಕಮ್ಮ’ ಎಂದೇ. ‘ಮಲತಾಯಿ’ ಎದುರಿಗಾಡುವ ಮಾತಲ್ಲ, ಬೆನ್ನ ಹಿಂದಿನದು. ಬಂಧುವಾಚಕದ ಉಚ್ಚಾರಣೆಯಲ್ಲೇ ಭಾವ ಅಡಗಿದೆಯೆಂಬುದನ್ನಂತೂ ತುಳು ಒಪ್ಪಗೊಡದು: ಅಲ್ಲಿ ತಾಯಿ ‘ಅಪ್ಪೆ’, ತಂದೆ ‘ಅಮ್ಮೆ’. ಕಟ್ಟಳೆಯ ಮಾತಿಗೆ ಬಂದರೆ, ತುಳುವರಲ್ಲೇ ಬಂಟ, ಬಿಲ್ಲವ, ಮೊಗವೀರರ ಅಳಿಯಕಟ್ಟಿನಲ್ಲಿ ಮಗುವಿನ ‘ಬರಿ’ (ಗೋತ್ರದಂಥ ವಂಶನಾಮ) ತಾಯಿಯದು, ಕುಟುಂಬದ ಆಸ್ತಿಯಲ್ಲಿ ಹಕ್ಕೂ ತಾಯಿಯ ಕಡೆಯಿಂದಲೇ ಬರುತ್ತಿತ್ತು. ತಂದೆ ಮರುಮದುವೆಯಾದರೂ ಹೊಸಬಳ ಮಕ್ಕಳು ಅವಳ ಕುಟುಂಬಕ್ಕೆ ಸೇರುತ್ತಿದ್ದರು. ಅವರು ಮೊದಲ ಹೆಂಡತಿಯ ಮಗುವಿನ ಪಾಲಿಗೆ ಕೈಹಾಕುವಂತಿರಲಿಲ್ಲ. ಹಾಗೆಂದು ಅಲ್ಲಿ ಮತ್ಸರವೇ ಇರಲಿಲ್ಲವೆನ್ನಲಾಗದು. ಆದರೆ ಅದಕ್ಕೆ ಕುಟುಂಬದ ಆಸ್ತಿಯ ಆಸರೆ ಇರಲಿಲ್ಲ. ಬ್ರಾಹ್ಮಣರು, ಕೊಂಕಣಿ ಸಾರಸ್ವತರು, ಕ್ರೈಸ್ತರು ತಂದೆಯ ಆಸ್ತಿ ಮಕ್ಕಳಿಗೆ ಸಲ್ಲುವ ಮಕ್ಕಳಕಟ್ಟಿನವರಾಗಿ ಮಂಗಳೂರಿನಲ್ಲೇ ಇದ್ದಾರಲ್ಲ ಎಂದರೆ, ಆ ವ್ಯತ್ಯಾಸವೇ ವಾದಕ್ಕೆ ಬಲ: ಊರು ಒಂದೇ ಆದರೂ ಮಲತಾಯಿಯ ಸ್ಥಾನ ಎರಡು ಕಟ್ಟುಗಳಲ್ಲಿ ಒಂದೇ ಆಗಿರಲಿಲ್ಲ. ಈ ವ್ಯತ್ಯಾಸವನ್ನು ಮುಂದೆ ಕಾನೂನು ಕುಗ್ಗಿಸಿತು: 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕುಟುಂಬದ ಪಾಲುಪಟ್ಟಿಗೆ ದಾರಿ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಉಯಿಲು ಬರೆಯದೆ ಸತ್ತ ಗಂಡಸಿನ ಮಕ್ಕಳನ್ನೂ ವಿಧವೆಯನ್ನೂ ಒಂದೇ ವರ್ಗದ ವಾರಸುದಾರರನ್ನಾಗಿಸಿತು; ಅಳಿಯಕಟ್ಟಿನ ಮನೆಗಳಲ್ಲೂ ಮಲಮಗ ಮತ್ತು ಮಲತಾಯಿ ಒಂದೇ ಆಸ್ತಿಯ ಪಾಲುದಾರರಾದರು.