ಬೂದ್ಯಾಗಿನ ಕೆಂಡ, ತೊಗಟ್ಯಾಗಿನ ಕೆಂಡ

ಒಲಿ ಆರಿದ್ರ ಕುಳ್ಳಿನ ತುಂಡು ಹಿಡಕೊಂಡು ಬಾಜೂ ಮನಿಗೆ ಕೆಂಡಕ್ಕ ಹೋಗೋದು ನಮ್ಮ ಅಜ್ಜಿಯರ ಕಾಲದ ರೂಢಿ. ಬಾಜೂ ಮನೀನ ಇಲ್ಲದ ಹಿಮದ ಗುಡ್ಡದಾಗ ಏನ್ ಮಾಡಬೇಕು? ಉತ್ತರ 1991ರ ಸೆಪ್ಟೆಂಬರದಾಗ ಸಿಕ್ತು ನೋಡ್ರಿ.

ಇಟಲಿ–ಆಸ್ಟ್ರಿಯಾ ಗಡಿಯ ಆಲ್ಪ್ಸ್ ಪರ್ವತದಾಗ, 3,210 ಮೀಟರ್ ಎತ್ತರದಾಗ, ಹಿಮ ಕರಗಿ ಒಬ್ಬಾಂವನ ಹೆಣ ಹೊರಬಿತ್ತು. ಸತ್ತು ಸುಮಾರು 5,300 ವರ್ಷ ಆಗಿತ್ತು. ‘ಓಟ್ಸಿ’ ಅಂತ ಹೆಸರು ಬಿತ್ತು. ಅವನ ಹತ್ರ ಬರ್ಚ್ ಮರದ ತೊಗಟಿ ಹೊಲಿದು ಮಾಡಿದ ಎರಡು ಡಬ್ಬಿ ಇದ್ದವು. ಒಂದರ ಒಳಗೆಲ್ಲಾ ಕಪ್ಪು. ಅದರಾಗ ಮೇಪಲ್ ಎಲಿ, ಇದ್ದಲಿ ಚೂರು. ಹಸಿ ಎಲ್ಯಾಗ ಕೆಂಡ ಸುತ್ತಿ ಒಯ್ತಿದ್ದ ಅಂತಾರ ತಿಳಿದವರು. ನಾವು ಬೂದಿ ಮುಚ್ಚಿದಂಗ: ಗಾಳಿ ಕಮ್ಮಿ, ಕೆಂಡ ಮೆಲ್ಲಕ ಬದುಕತದ. ಅದೂ ಆರಿದ್ರ? ಸೊಂಟದ ಚೀಲದಾಗ ಮರದ ಅಣಬಿ ಇತ್ತು, ಅದಕ್ಕ ಕಿಡಿ ಹಾರಿಸೋ ಕಲ್ಲಿನ ಪುಡಿ ಹತ್ತಿತ್ತು.

ಬರ್ಚ್ ಅಂದ್ರ ಪರಕೀ ಅಲ್ರಿ. ಹಿಮಾಲಯದ ಭೂರ್ಜ ಅದರ ಬಳಗದ್ದ. ಅದರ ತೊಗಟಿ ಮ್ಯಾಲೆ ಹಿಂದಿನವರು ಗ್ರಂಥ ಬರದ್ರು. ಕಾಗದದಂಗ ತೆಳ್ಳಗ ಸುಲೀತದ. ಎಣ್ಣಿ ಅಂಶ ಇರೋದ್ರಿಂದ ಒದ್ದಿ ಇದ್ರೂ ಉರಿ ಹಿಡೀತದ. ಚಳಿನಾಡಿನವರು ತುರ್ತಿಗೆ ಅಂತ ಇವತ್ತಿಗೂ ಜೋಡಿ ಇಟಗೊಳ್ತಾರ. ಬಿದ್ದ ಮರದ್ದ ಸುಲೀಬೇಕು. ಬದುಕಿದ್ದರ ತೊಗಟಿ ಆಳಕ್ಕ ಕಿತ್ತರ ಮರಾನ ಸಾಯ್ತದ.

ಓಟ್ಸಿ ಸತ್ತದ್ದು ಭುಜಕ್ಕ ನಟ್ಟ ಬಾಣದಿಂದ. ಬಾಣದ ಸುದ್ದಿ ಊರೆಲ್ಲಾ ಆತು. ಕೆಂಡ ಕಾಯೋ ವಿದ್ಯಾ ಮಾತ್ರ ಒಲಿ ಮುಂದ ಕುಂತವರಿಗೇ ಗೊತ್ತು.