ವಿಕಿಪೀಡಿಯದ ಸರ್ವರ್‌ಗಳಿಗೆ ಸೂತ್ರಧಾರ ಯಾರು?

ವಿಕಿಪೀಡಿಯದ ಪುಟಗಳನ್ನು ಯಾರು ಬೇಕಾದರೂ ತಿದ್ದಬಹುದು ಎನ್ನುವುದು ನಮಗೆಲ್ಲ ಗೊತ್ತು. ಆದರೆ ಆ ಪುಟಗಳನ್ನು ನಮಗೆ ತಲುಪಿಸುವ ಸರ್ವರ್‌ಗಳ ಉಸ್ತುವಾರಿ ಹೇಗೆ ನಡೆಯುತ್ತದೆ?

ಕನ್ನಡವೂ ಸೇರಿದಂತೆ ನೂರಾರು ಭಾಷೆಗಳ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ ಬಳಿ ಸಾವಿರಕ್ಕೂ ಹೆಚ್ಚು ಸರ್ವರ್‌ಗಳಿವೆ. ಮುಖ್ಯ ದತ್ತಾಂಶ ಕೇಂದ್ರಗಳಿರುವುದು ಅಮೆರಿಕದ ವರ್ಜೀನಿಯ ಮತ್ತು ಟೆಕ್ಸಸ್‌ನಲ್ಲಿ. ಪುಟಗಳ ಪ್ರತಿಗಳನ್ನು ಓದುಗರಿಗೆ ಹತ್ತಿರದಲ್ಲಿಟ್ಟುಕೊಳ್ಳುವ ಕೇಂದ್ರಗಳು ಆಮ್‌ಸ್ಟರ್‌ಡ್ಯಾಮ್, ಸಿಂಗಪುರ ಮುಂತಾದೆಡೆ ಇವೆ. ಇಷ್ಟೂ ಯಂತ್ರಗಳಿಗೆ ಒಂದೊಂದಾಗಿ ಲಾಗಿನ್ ಆಗಿ ತಂತ್ರಾಂಶ ಅಳವಡಿಸುತ್ತಾ ಕೂರುವುದು ಆಗದ ಮಾತು. ಹಾಗೆ ಮಾಡಿದರೂ ಕೆಲವೇ ತಿಂಗಳಲ್ಲಿ ಒಂದರಂತೆ ಇನ್ನೊಂದಿರುವುದಿಲ್ಲ!

ಈ ಕೆಲಸಕ್ಕೆ ಅಲ್ಲಿ ಬಳಕೆಯಾಗುವುದು 'ಪಪೆಟ್' ಎಂಬ ತಂತ್ರಾಂಶ. ಲ್ಯೂಕ್ ಕೇನೀಸ್ ಇದನ್ನು ರೂಪಿಸಿದ್ದು 2005ರಲ್ಲಿ. ಇದಕ್ಕೂ ಮೊದಲು, 1993ರಲ್ಲೇ, ಮಾರ್ಕ್ ಬರ್ಜೆಸ್ ಇಂಥದ್ದೇ ಉದ್ದೇಶದ 'ಸಿಎಫ್‌ಎಂಜಿನ್' ಸೃಷ್ಟಿಸಿದ್ದರು. ಇವುಗಳ ವೈಶಿಷ್ಟ್ಯವೆಂದರೆ, ಏನು ಮಾಡಬೇಕು ಎನ್ನುವ ಬದಲು ಕೊನೆಗೆ ಏನಿರಬೇಕು ಎಂದಷ್ಟೇ ನಾವು ಬರೆದಿಡುವುದು. ಎಸಿಯಲ್ಲಿ 24 ಡಿಗ್ರಿ ಎಂದು ಹೊಂದಿಸುತ್ತೇವಲ್ಲ, ಹಾಗೆ. ಯಾವಾಗ ತಂಪು ಮಾಡಬೇಕು, ಯಾವಾಗ ಸುಮ್ಮನಿರಬೇಕು ಎನ್ನುವುದು ಯಂತ್ರದ ತಲೆನೋವು.

"ಈ ಸರ್ವರಿನಲ್ಲಿ ಇಂಥ ತಂತ್ರಾಂಶವಿರಬೇಕು, ಈ ಕಡತದಲ್ಲಿ ಇಷ್ಟು ಸಾಲುಗಳಿರಬೇಕು, ಈ ಸೇವೆ ಚಾಲನೆಯಲ್ಲಿರಬೇಕು" ಎನ್ನುವಂತಿರುತ್ತದೆ ಪಪೆಟ್‌ನ ಬರಹ. ಸಾಮಾನ್ಯವಾಗಿ ಅರ್ಧ ಗಂಟೆಗೊಮ್ಮೆ ಪ್ರತಿ ಸರ್ವರ್ ತನ್ನ ಸ್ಥಿತಿಯನ್ನು ಈ ಬರಹದೊಡನೆ ಹೋಲಿಸಿಕೊಳ್ಳುತ್ತದೆ. ವ್ಯತ್ಯಾಸವಿದ್ದರೆ ಸರಿಪಡಿಸುತ್ತದೆ, ಇಲ್ಲದಿದ್ದರೆ ಏನನ್ನೂ ಮುಟ್ಟುವುದಿಲ್ಲ. ರಾತ್ರೋರಾತ್ರಿ ಯಾರೋ ಅವಸರದಲ್ಲಿ ಕೈಯಾರೆ ಮಾಡಿದ ತಿದ್ದುಪಡಿ ಹೀಗಾಗಿಯೇ ಸ್ವಲ್ಪ ಹೊತ್ತಿನಲ್ಲಿ ಮಾಯವಾಗಬಹುದು. ಅದು ಉಳಿಯಬೇಕೆಂದರೆ ಮೂಲ ಬರಹದಲ್ಲೇ ಸೇರಿಸಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಬರಹದಿಂದ ಒಂದು ತಂತ್ರಾಂಶದ ಹೆಸರು ಅಳಿಸಿದ ಮಾತ್ರಕ್ಕೆ ಅದು ಸರ್ವರಿನಿಂದ ಹೋಗುವುದಿಲ್ಲ. ಪಪೆಟ್ ಅದರತ್ತ ನೋಡುವುದನ್ನು ನಿಲ್ಲಿಸುತ್ತದೆ, ಅಷ್ಟೇ. ತೆಗೆಯಬೇಕೆಂದರೆ "ಇದು ಇರಕೂಡದು" ಎಂದೇ ಬರೆಯಬೇಕು. ಹಳೆಯ, ಸುರಕ್ಷತಾ ದೋಷವಿರುವ ತಂತ್ರಾಂಶಗಳು ಗಮನಕ್ಕೆ ಬಾರದೆ ಉಳಿದುಕೊಳ್ಳಲು ಇದೂ ಒಂದು ದಾರಿ.

ಒಂದು ತಪ್ಪು ಸಾಲು ಅರ್ಧ ಗಂಟೆಯೊಳಗೆ ನೂರಾರು ಸರ್ವರ್‌ಗಳಿಗೆ ಹರಡಬಲ್ಲದು ಎನ್ನುವುದು ಇನ್ನೂ ದೊಡ್ಡ ಅಪಾಯ. ಹಾಗಾಗಿ ವಿಕಿಮೀಡಿಯದಲ್ಲಿ ಬದಲಾವಣೆಗಳನ್ನು ಇನ್ನೊಬ್ಬರು ಪರಿಶೀಲಿಸುವ ವ್ಯವಸ್ಥೆಯಿದೆ. ಯಾವ ಸರ್ವರಿನಲ್ಲಿ ಏನು ಬದಲಾಗಲಿದೆ ಎಂದು ಮೊದಲೇ ತೋರಿಸುವ ಸಾಧನವೂ ಇದೆ. ಈ ಬರಹ 2011ರಿಂದ ಸಾರ್ವಜನಿಕವಾಗಿ ಲಭ್ಯ. ಹೊರಗಿನವರೂ ತಿದ್ದುಪಡಿ ಸೂಚಿಸಬಹುದು, ಒಪ್ಪುವುದು ಮಾತ್ರ ಅಧಿಕಾರವಿರುವವರ ಕೆಲಸ. ಪಾಸ್‌ವರ್ಡ್‌ಗಳಂತಹ ಗುಟ್ಟುಗಳು ಬೇರೆಡೆ ಇರುತ್ತವೆ, ಗಾಬರಿ ಬೇಡ!

ಸರ್ವರ್ ಕೆಟ್ಟುಹೋದರೆ ಹೊಸದೊಂದನ್ನು ಅದರಂತೆಯೇ ಸಿದ್ಧಪಡಿಸಲು ಪಪೆಟ್ ನೆರವಾಗುತ್ತದೆ. ಆದರೆ ಲೇಖನಗಳ ಪಠ್ಯ, ಅವುಗಳ ತಿದ್ದುಪಡಿಗಳ ಇತಿಹಾಸ ಇದರಲ್ಲಿಲ್ಲ. ಅವು ಇರುವುದು ಡೇಟಾಬೇಸ್‌ನಲ್ಲಿ. ಅದರ ಬ್ಯಾಕಪ್ ಪ್ರತ್ಯೇಕವಾಗಿಯೇ ನಡೆಯಬೇಕು.